ಸತ್ತ ಹಕ್ಕಿಯನ್ನು ಅಕ್ಕ ನೋಡುತ್ತಿದ್ದ ರೀತಿ

ಅಕ್ಕನ ಬಲಗೈ ಹೆಬ್ಬೆರಳಿನ ಉಗುರು ನಡುವೆ ಸೀಳಿ ಎರಡು ಹೋಳಾಗಿ ಬೆಳೆದಿತ್ತು. ಚಿಕ್ಕವಳಿದ್ದಾಗ ಅದರ ಮೇಲೆ ರುಬ್ಬುಗುಂಡು ಬಿದ್ದಿತ್ತಂತೆ. ಆ ಸೀಳಿನಲ್ಲಿ ಸಿಕ್ಕಿಸಿ ಹುಣಸೆಹಣ್ಣಿನ ಬೀಜ ತೆಗೆಯುತ್ತಿದ್ದಳು, ಅವರೆಕಾಳು ಸುಲಿಯುತ್ತಿದ್ದಳು, ಸತ್ತ ಗುಬ್ಬಿಯ ಎದೆಯ ತುಪ್ಪಳ ಬಿಡಿಸಿ ಒಳಗಿನ ಚರ್ಮ ನೋಡುತ್ತಿದ್ದಳು. ಸತ್ತ ಹಕ್ಕಿಯನ್ನು ಬರಿಗೈಯಲ್ಲಿ ಮುಟ್ಟಬಾರದು ಎಂದು ನಮಗೆಲ್ಲ ಗದರಿಸುವವಳು ತಾನು ಮಾತ್ರ ಕೈಗೆ ಹಳೇ ಧೋತರದ ಚೂರು ಸುತ್ತಿಕೊಂಡು ಆ ಒಂದು ಬೆರಳನ್ನು ಹೊರಗೆ ಬಿಟ್ಟಿರುತ್ತಿದ್ದಳು. ಕೇಳಿದರೆ, "ಈ ಬಟ್ಟು ನನ್ನ ಚಸ್ಮಾ ಅದ, ಇದನ್ನ ಹ್ಯಾಂಗ ಮುಚ್ಚಲಿ?" ಎನ್ನುತ್ತಿದ್ದಳು.

ಅಕ್ಕ ಎಂದರೆ ನನ್ನ ಅಕ್ಕನಲ್ಲ, ನನ್ನ ಮಾವನವರ ಅಕ್ಕ. ಮಾವ ಹಾಗೆ ಕರೆಯುತ್ತಿದ್ದರಿಂದ ಮನೆಯ ಮಕ್ಕಳಿಗೆ, ಆಳುಗಳಿಗೆ, ವರ್ಷಕ್ಕೆರಡು ಸಲ ಬಳೆ ಇಡಿಸಲು ಬರುತ್ತಿದ್ದವಳಿಗೆ, ಎಲ್ಲರಿಗೂ ಆಕೆ ಅಕ್ಕ. ಸೊಸೆಯಾಗಿ ಬಂದ ನನಗೂ ಅದೇ ಬಾಯಿಗೆ ಬಂತು.

ನನ್ನ ತವರು ಜೇವರ್ಗಿ. ಅಪ್ಪ ಅಲ್ಲಿ ಸಾಲಿ ಮಾಸ್ತರ. ನಾನು ಎಸ್ಸೆಸ್ಸೆಲ್ಸಿ ಪಾಸಾಗಿ, ಮಾಸ್ತರಿಕೆ ಟ್ರೇನಿಂಗಿಗೆ ಅರ್ಜಿ ಬರೆದಿಟ್ಟುಕೊಂಡಿದ್ದೆ. ಅಷ್ಟರಲ್ಲಿ ಅಫಜಲಪುರದ ಕಡೆಯಿಂದ ಸಂಬಂಧ ಬಂತು. ಎಪ್ಪತ್ತರ ದಶಕದ ನಡುವಿನ ವರ್ಷಗಳು ಅವು. ಭೀಮಾ ನದಿಯ ದಂಡೆಯ ಹಳ್ಳಿ, ಕರಿ ಭೂಮಿ, ದೊಡ್ಡ ವಾಡೆ. "ನಿನ್ನ ನಸೀಬ ತೆರೀತು" ಎಂದು ಓಣಿಯವರೆಲ್ಲ ಹೇಳಿದರು. ನಸೀಬು ತೆರೆಯಿತೋ ಇಲ್ಲವೋ, ವಾಡೆಯ ತಲಬಾಗಿಲು ಮಾತ್ರ ನಾನು ಒಳಗೆ ಹೋದ ಮೇಲೆ ಮುಚ್ಚಿತು. ಸೊಸೆಯಂದಿರು ಪಡಸಾಲೆ ದಾಟಿ ಹೊರಗೆ ಹೋಗುವಂತಿಲ್ಲ. ಹೋಗಲೇಬೇಕಾದರೆ ಪರದೆ ಕಟ್ಟಿದ ಬಂಡಿ. ನನ್ನ ಗಂಡ ಕಲಬುರ್ಗಿಯಲ್ಲಿ ವಕೀಲಿ ಓದುತ್ತಿದ್ದ. ಶನಿವಾರ ಬಸ್ಸಿನಲ್ಲಿ ಬಂದು ಸೋಮವಾರ ಹೋಗುತ್ತಿದ್ದ. ಅಪ್ಪನ ಕಾಗದ ಬಂದರೆ ಮೊದಲು ಮಾವ ಓದಿ, ಆಮೇಲೆ ಅತ್ತೆಗೆ ಓದಿ ಹೇಳಿ, ಕೊನೆಗೆ ನನ್ನ ಕೈಗೆ ಬರುತ್ತಿತ್ತು. ಎರಡು ವರ್ಷದಲ್ಲಿ ಒಂದೇ ಸಲ ತವರಿಗೆ ಕಳಿಸಿದ್ದರು, ಅದೂ ಅಣ್ಣನ ಮದುವೆಗೆ, ಮೂರು ದಿನ. ಯಾರೂ ನನ್ನನ್ನು ಹೊಡೆಯಲಿಲ್ಲ, ಬಡಿಯಲಿಲ್ಲ. ಹೊಟ್ಟೆ ತುಂಬ ಊಟವಿತ್ತು. ಆದರೂ ಮುಂಜಾನೆ ಎದ್ದ ಕೂಡಲೇ ಎದೆಯ ಮೇಲೆ ಯಾರೋ ಕಾಲಿಟ್ಟು ನಿಂತಿದ್ದಾರೆ ಅನಿಸುತ್ತಿತ್ತು.

ಅಕ್ಕನನ್ನು ನೋಡಿದರೆ ಇನ್ನೂ ಭಯವಾಗುತ್ತಿತ್ತು. ಆಕೆಯನ್ನು ಆಳಂದದ ಆಚೆ, ಖಜೂರಿಯ ಕಡೆಗೆ ಕೊಟ್ಟಿದ್ದರು. ಹದಿನಾಲ್ಕನೆಯ ವರ್ಷಕ್ಕೆ ಗಂಡ ಸತ್ತು ಬಂಡಿಯಲ್ಲಿ ತವರಿಗೆ ಬಂದವಳು ಆಮೇಲೆ ಆ ತಲಬಾಗಿಲು ದಾಟಿಲ್ಲ. ನಾನು ಬಂದಾಗ ಆಕೆಗೆ ಐವತ್ತರ ಆಸುಪಾಸು. ಶರಣರ ಹೆಸರು ಹೇಳಿ ಲಿಂಗ ಕಟ್ಟಿಕೊಂಡ ಮನೆ ನಮ್ಮದು. ದಿನಾ ಸಂಜೆ ಪಡಸಾಲೆಯಲ್ಲಿ ವಚನ ಓದುತ್ತಿದ್ದರು. ಹೆಣ್ಣು ಗಂಡು ಒಂದೇ ಎನ್ನುವ ಮಾತು ಬಂದಲ್ಲಿ ಮಾವ ಕಣ್ಣು ಮುಚ್ಚಿ ತಲೆದೂಗುತ್ತಿದ್ದರು. ಅಕ್ಕ ಅದನ್ನು ಅಡುಗೆಮನೆಯ ಬಾಗಿಲ ಹಿಂದೆ ನಿಂತು ಕೇಳಿ, ನನ್ನ ಕಡೆ ನೋಡಿ ಒಂದು ಹುಬ್ಬು ಹಾರಿಸಿ, ಮತ್ತೆ ಒಲೆಯ ಮುಂದೆ ಕೂರುತ್ತಿದ್ದಳು.

ಹಿತ್ತಿಲು ಆಕೆಯ ರಾಜ್ಯ. ಎರಡಾಳೆತ್ತರದ ಗೋಡೆಯೊಳಗೆ ಒಂದು ಬಾವಿ, ದನದ ಕೊಟ್ಟಿಗೆ, ಒಂದು ದೊಡ್ಡ ಬೇವಿನ ಮರ. ಹೊರಗಿನದು ಅಂತ ಅಲ್ಲಿಗೆ ಬರುತ್ತಿದ್ದದ್ದು ಹಕ್ಕಿಗಳು ಮಾತ್ರ. ಬಿಸಿಲಿಗೆ ಬಾಯಿ ತೆರೆದು ಬೀಳುತ್ತಿದ್ದವು, ಹೊಸದಾಗಿ ಬಂದ ಕರೆಂಟಿನ ತಂತಿಗೆ ತಾಗಿ ಬೀಳುತ್ತಿದ್ದವು, ಹುಡುಗರ ಕವಣೆಗೆ ಸಿಕ್ಕಿ ಬೀಳುತ್ತಿದ್ದವು. ಮನೆಯವರ ಪದ್ಧತಿ ಎಂದರೆ ಆಳನ್ನು ಕರೆದು ಕೋಲಿನಿಂದ ಎತ್ತಿ ತಿಪ್ಪೆಗೆ ಎಸೆಯುವುದು. ಕಾಗೆಯಾದರೆ ಎಸೆದವನಿಗೆ ಜಳಕ. ಅಕ್ಕನ ಪದ್ಧತಿಯೇ ಬೇರೆ.

ಮದುವೆಯಾದ ಮೊದಲ ಬೇಸಿಗೆಯಲ್ಲಿ ಬಾವಿಯ ಕಟ್ಟೆಯ ಹತ್ತಿರ ಒಂದು ಮಿಂಚುಳ್ಳಿ ಬಿದ್ದಿತ್ತು. ಅಂಥ ನೀಲಿಯನ್ನು ಅಷ್ಟು ಹತ್ತಿರದಿಂದ ನಾನು ಎಂದೂ ನೋಡಿರಲಿಲ್ಲ. ಎತ್ತಿ ಎದೆಗೊತ್ತಿಕೊಂಡು ಅಳಲು ಸುರುಮಾಡಿದೆ. ಅದು ಹಕ್ಕಿಯ ಸಲುವಾಗಿ ಬಂದ ಅಳುವೋ ನನ್ನ ಸಲುವಾಗಿ ಬಂದದ್ದೋ ಕೇಳಬೇಡಿ. ಆ ವರ್ಷ ನನಗೆ ಅಳಲು ಒಂದು ನೆವ ಬೇಕಿತ್ತು. ಹಿಂದಿನಿಂದ ಬಂದ ಅಕ್ಕ ನನ್ನ ಮಣಿಕಟ್ಟಿಗೆ ಫಟ್ಟನೆ ಹೊಡೆದಳು.

"ಕೆಳಗ ಇಡ ಮೊದ್ಲ! ಬರಿಗೈಲೆ ಮುಟ್ಟತಾರೇನ? ಅದು ಯಾಕ ಬಿದ್ದದ ಅಂತ ನಿನಗ ಗೊತ್ತದ?"

"ಸತ್ತದ್ರಿ ಅಕ್ಕಾ."

"ಸತ್ತದಂತ ಯಾರ್ ಹೇಳ್ಯಾರ? ನೀ ಏನ್ ಡಾಕ್ಟರಾ?"

ಮೊದಲು ಬೆಕ್ಕನ್ನು ಓಡಿಸಿದಳು. ಹಕ್ಕಿಯನ್ನು ನೆರಳಿಗೆ ಸರಿಸಿ ಮೇಲೆ ಒಂದು ಬಿದಿರು ಬುಟ್ಟಿ ಬೋರಲು ಹಾಕಿದಳು. ಸೊಂಟದ ಸಂಚಿಯಿಂದ ಎಲೆ ಅಡಿಕೆ ತೆಗೆದು ನಿಧಾನವಾಗಿ ಮಡಿಚಿ ಬಾಯಿಗಿಟ್ಟುಕೊಂಡು ಕೂತಳು. ಒಂದು ಎಲೆ ಜಗಿದು ಮುಗಿಯುವವರೆಗೆ ಕಾಯಬೇಕು, ಅದು ಆಕೆಯ ಲೆಕ್ಕ. ತಲೆಗೆ ಪೆಟ್ಟು ಬಿದ್ದು ಎಚ್ಚರ ತಪ್ಪಿದ ಹಕ್ಕಿಯನ್ನು ಸತ್ತಿತೆಂದು ಹೂಳುವವರೇ ಹೆಚ್ಚಂತೆ. ಎಲೆ ಮುಗಿಯಲಿಲ್ಲ, ಬುಟ್ಟಿಯೊಳಗೆ ಪಟಪಟ ಸದ್ದಾಯಿತು. ಬುಟ್ಟಿ ಎತ್ತಿದ್ದೇ ತಡ, ಮಿಂಚುಳ್ಳಿ ಗೋಡೆ ದಾಟಿ ನದಿಯ ಕಡೆ ಹೋಯಿತು.

"ನೋಡಿದಿಲ್ಲ? ನೀ ಅತ್ತು ಕರದು ಮಣ್ಣ ಮಾಡಾಕಿ ಇದ್ದಿ" ಎಂದು ಬಾಯ್ತುಂಬ ಎಲೆ ಇಟ್ಟುಕೊಂಡೇ ನಕ್ಕಳು. ಅವತ್ತಿನಿಂದ ನಾನು ಆಕೆಯ ಹಿಂದೆ ಬಿದ್ದೆ.

ನಿಜವಾಗಿ ಸತ್ತಿದ್ದರೆ ಅಕ್ಕ ಸುಮ್ಮನೆ ಹೂಳುತ್ತಿರಲಿಲ್ಲ, ಮೊದಲು ನೋಡುತ್ತಿದ್ದಳು. ಹತ್ತಿರದಲ್ಲಿ ಇನ್ನೊಂದು ಬಿದ್ದಿದೆಯೇ ಎಂದು ಇಡೀ ಹಿತ್ತಿಲು ಸುತ್ತಿ ಬರುತ್ತಿದ್ದಳು. ಕಾಲು ಮುರಿದಿದೆಯೇ, ರೆಕ್ಕೆ ಸುಟ್ಟಿದೆಯೇ, ಕೊಕ್ಕಿನಲ್ಲಿ ನೊರೆ ಇದೆಯೇ, ಗಂಟಲ ಚೀಲದಲ್ಲಿ ಕಾಳಿದೆಯೇ, ಎಲ್ಲ ನೋಡಿ ತನಗೆ ತಾನೇ ಹೇಳಿಕೊಳ್ಳುವಳು: "ಇದು ತಂತಿಗೆ ಹೋಗ್ಯಾದ." "ಇದಕ್ಕ ವಯಸ್ಸಾಗಿತ್ತು, ಪಾಪ." ಆಮೇಲೆ ಮೊಣಕೈ ಆಳದ ಕುಣಿ. ಎಕ್ಕೆಯ ಎಲೆಯಲ್ಲಿ ಸುತ್ತಿ ಇಳಿಸಿ, ಒಂದು ಚಿಟಿಕೆ ವಿಭೂತಿ ಉದುರಿಸಿ, ಮಣ್ಣು ಮುಚ್ಚಿ, ನಾಯಿ ಕೆದರದ ಹಾಗೆ ಮೇಲೆ ಜಾಲಿಮುಳ್ಳು. ಕೊನೆಗೆ ಬೂದಿ ಹಚ್ಚಿ ಮೊಣಕೈವರೆಗೆ ಕೈ ತೊಳೆಯಬೇಕು; ನಾನು ಬರೀ ಬೆರಳು ತೊಳೆದರೆ ಮತ್ತೆ ತೊಳೆಸುತ್ತಿದ್ದಳು. ತಿಪ್ಪೆಗೆ ಎಸೆಯಲು ಮಾತ್ರ ಬಿಡುತ್ತಿರಲಿಲ್ಲ. "ತಿಪ್ಪಿಗೆ ಒಗದ್ರ ನಾಯಿ ತಿಂತದ, ನಾಯಿ ಬಂದು ಕೂಸಿನ ಕೈ ನೆಕ್ಕತದ. ಮುಗೀತಲ್ಲ ಅಲ್ಲಿಗಿ" ಎನ್ನುವಳು.

"ಒಂದು ಸತ್ರ ಅದು ಅದರ ಸಾವು ಸತ್ತದ. ಎರಡು ಸತ್ರ ಯಾಕಂತ ಕೇಳಬೇಕು" ಎಂಬುದು ಆಕೆ ಮತ್ತೆ ಮತ್ತೆ ಹೇಳುತ್ತಿದ್ದ ಮಾತು. ಈ ಮಾತು ಎಲ್ಲಿಂದ ಬಂತೆಂದು ಒಂದು ದಿನ ಕುಣಿ ತೋಡುತ್ತ ತಾನೇ ಹೇಳಿದಳು. ಖಜೂರಿ ಕಡೆಯ ಆ ಮನೆಯಲ್ಲಿ ಇಲಿಗೆಂದು ಹಿಟ್ಟಿನಲ್ಲಿ ಪಾಷಾಣ ಕಲೆಸಿ ಇಡುತ್ತಿದ್ದರಂತೆ. ಒಂದು ವಾರ ಅಂಗಳದಲ್ಲಿ ಮೂರು ಕಾಗೆ ಸತ್ತು ಬಿದ್ದವು. ಅಪಶಕುನವೆಂದು ಎಸೆದರು, ತೆಂಗಿನಕಾಯಿ ಒಡೆದರು. ಐದನೆಯ ದಿನ ಅಕ್ಕನ ಗಂಡ, ಹದಿನೆಂಟರ ಹುಡುಗ, ವಾಂತಿ ಮಾಡಿ ಮಾಡಿ ಸತ್ತ. ಆ ಹಿಟ್ಟು ಯಾವ ಡಬ್ಬಿಯಲ್ಲಿತ್ತು, ಯಾರು ಎಲ್ಲಿಟ್ಟಿದ್ದರು ಎಂದು ಯಾರೂ ಕೇಳಲಿಲ್ಲ. ಸೊಸೆಯ ಕಾಲ್ಗುಣ ಎಂದರು, ಮುಗಿಯಿತು. "ಕಾಗಿ ಸತ್ತಾಗ ಒಬ್ಬರರೆ ಕೇಳಿದ್ರ ಆ ಹುಡುಗ ಉಳೀತಿದ್ದ" ಎಂದಳು. ದನಿಯಲ್ಲಿ ಅಳು ಇರಲಿಲ್ಲ. ಗುದ್ದಲಿ ಮಾತ್ರ ಜೋರಾಗಿ ಬೀಳುತ್ತಿತ್ತು.

ಈಗ ಆ ಜೋಳದ ಸಂಗತಿ ಹೇಳಬೇಕು. ಇಲ್ಲಿಯವರೆಗೆ ಬರೆಯಲು ಕಷ್ಟವಾಗಲಿಲ್ಲ, ಇಲ್ಲಿಂದ ಕೈ ಜಗ್ಗುತ್ತಿದೆ.

ಆಗ ನಮ್ಮ ಕಡೆ ಹೈಬ್ರಿಡ್ ಜೋಳ ಹೊಸದು. ಸುಳಿನೊಣ ಬೀಳಬಾರದೆಂದು ಬೀಜಕ್ಕೆ ಔಷಧಿ ಸವರಿ, ತಿನ್ನುವ ಕಾಳಿನ ಜೊತೆ ಕಲೆಯಬಾರದೆಂದು ಕೆಂಪು ಬಣ್ಣ ಹಚ್ಚಿ ಚೀಲದಲ್ಲಿ ಕೊಡುತ್ತಿದ್ದರು. ಹೊಲಕ್ಕೆ ಹಾಕುವ ವಿಷಕ್ಕೆ ನಮ್ಮಲ್ಲಿ ಎಣ್ಣಿ ಎನ್ನುತ್ತಾರೆ. ಬಿತ್ತನೆ ಮುಗಿದು ಎರಡು ಚೀಲ ಉಳಿಯಿತು. ಮಾವ ಹೊಲದಲ್ಲೇ ಹೂಳಿಸಿಬಿಡೋಣ ಎಂದರು. ಅತ್ತೆ ಕೇಳಲಿಲ್ಲ. ಅವರು ಜಿಪುಣರಲ್ಲ, ಅದನ್ನು ಹೇಳಲೇಬೇಕು. ನೆಲಕ್ಕೆ ಒಂದು ಕಾಳು ಬಿದ್ದರೂ ಎತ್ತಿ ಕಣ್ಣಿಗೊತ್ತಿಕೊಳ್ಳುವ ಹೆಂಗಸು. ಜೋಳವನ್ನು ಮಣ್ಣಿಗೆ ಹೂಳುವುದೆಂದರೆ ಅವರ ಜೀವಕ್ಕೆ ಆಗದ ಮಾತು.

"ಉಣ್ಣೋ ಕಾಳ ಕುಣ್ಯಾಗ ಹಾಕತಾರೇನ್ರಿ? ಬಣ್ಣ ಹೋದ್ರ ಎಣ್ಣಿನೂ ಹೋತು" ಎಂದು ನನ್ನ ಕಡೆ ತಿರುಗಿದರು. "ಏಳು ನೀರಿಗಿ ತೊಳಿ ಬೇ. ನೀರು ತಿಳಿ ಆಗೋತನಕ ಬಿಡಬ್ಯಾಡ."

ತೊಳೆದೆ. ಬಾವಿಯ ಹತ್ತಿರ ತಾಮ್ರದ ಹಂಡೆಯಲ್ಲಿ ಮುಂಜಾನೆಯಿಂದ ಮಧ್ಯಾಹ್ನದವರೆಗೆ ಕೈಯಿಂದ ತಿಕ್ಕಿ ತಿಕ್ಕಿ ತೊಳೆದೆ. ಮೊದಲ ನೀರು ರಕ್ತದ ಬಣ್ಣ, ಏಳನೆಯದು ತಿಳಿ. ಕಾಳನ್ನು ಮಾಳಿಗೆಯ ಮೇಲೆ ಹರವಿ ಇಳಿದು ಬರುವಷ್ಟರಲ್ಲಿ ತಲೆ ಸುತ್ತಿತು, ಬಾಯಲ್ಲಿ ಜೊಲ್ಲು ಸುರಿಯಿತು, ಸಂಜೆಯೊಳಗೆ ನಾಲ್ಕು ಸಲ ವಾಂತಿಯಾಯಿತು. ಅತ್ತೆ ನನ್ನ ಹಣೆ ಮುಟ್ಟಿ, ಕಿವಿಯ ಹತ್ತಿರ ಬಂದು ದಿನ ಎಷ್ಟಾಯಿತೆಂದು ಕೇಳಿದರು. ನಾಲ್ಕು ದಿನ ಮೇಲಾಗಿತ್ತು, ಹಾಗೇ ಹೇಳಿದೆ. ಎರಡು ವರ್ಷದಿಂದ ಬಿಗಿದುಕೊಂಡಿದ್ದ ಆ ಮುಖ ಅರಳಿದ್ದನ್ನು ನಾನು ಮೊದಲ ಸಲ ನೋಡಿದೆ. ಅವರೇ ನನ್ನ ಬಾಯಿ ಒರೆಸಿದರು.

"ಅಮಾಸಿ ಮುಗೀಲಿ, ಜೇವರ್ಗಿಗಿ ಹೋಗಿ ಹದಿನೈದು ದಿನ ಇದ್ದು ಬಾ. ನಿಮ್ಮವ್ವನ ಕೈಲೆ ಉಂಡು ಬಾ" ಎಂದರು.

ಹದಿನೈದು ದಿನ! ಅಂಗಳದಲ್ಲಿ ತಲೆಯ ಮೇಲೆ ಸೆರಗಿಲ್ಲದೆ ಓಡಾಡಬಹುದು, ಅಪ್ಪನ ಜೊತೆ ಪೇಪರ್ ಓದಬಹುದು. ಆ ರಾತ್ರಿ ನನಗೆ ಹೊಟ್ಟೆಯಲ್ಲಿ ಕೂಸು ಇದೆಯೋ ಇಲ್ಲವೋ ಎನ್ನುವುದು ನೆನಪಿಗೇ ಬರಲಿಲ್ಲ. ಬಸ್ಸಿನ ಕಿಟಕಿ ಮಾತ್ರ ಕಣ್ಣ ಮುಂದಿತ್ತು.

ಎರಡು ದಿನ ಕಾಳು ಮಾಳಿಗೆಯ ಮೇಲೆ ಒಣಗಿತು. ಮೂರನೆಯ ದಿನ ಮುಂಜಾನೆ ಬೇವಿನ ಮರದ ಕೆಳಗೆ ಎರಡು ಬೆಳವನ ಹಕ್ಕಿ ಸತ್ತು ಬಿದ್ದಿದ್ದವು. ಮಧ್ಯಾಹ್ನಕ್ಕೆ ಐದು ಗುಬ್ಬಿ. ಮರುದಿನ ಮತ್ತೆ ಬೆಳವ. ಕೆಲವು ಸಾಯುವ ಮೊದಲು ಕುಡಿದವರಂತೆ ನೆಲದಲ್ಲಿ ತಿರುಗುತ್ತಿದ್ದವು. ಬಸುರಿ ಇರುವ ಮನೆಯಲ್ಲಿ ಇಂಥ ಅಪಶಕುನವೇ ಎಂದು ಅತ್ತೆ ಮಠದ ಅಯ್ಯನವರನ್ನು ಕರೆಸಿದರು. ಶಾಂತಿ ಮಾಡಿಸಿ, ನಾಡಿದ್ದು ಊರ ಜಂಗಮರಿಗೆಲ್ಲ ಊಟ ಹಾಕುವುದು, ಉಳಿದದ್ದನ್ನು ಕೇರಿಯ ಮಕ್ಕಳಿಗೆ ಬಡಿಸುವುದು ಎಂದು ತೀರ್ಮಾನವಾಯಿತು. ಮಡಿ ಊಟಕ್ಕೆ ಗಿರಣಿ ಹಿಟ್ಟು ನಡೆಯದು. ತೊಳೆದು ಶುದ್ಧವಾದ ಜೋಳ ಮನೆಯಲ್ಲೇ ಇತ್ತಲ್ಲ! ಅದನ್ನೇ ನಾನೂ ಒಬ್ಬ ಆಳಿನ ಹೆಂಗಸೂ ಕೂತು ಬೀಸಿದೆವು. ದೊಡ್ಡ ಕೊಪ್ಪರಿಗೆ ತುಂಬ ಹಿಟ್ಟಾಯಿತು. ಹಕ್ಕಿ ಸತ್ತ ದೋಷ ಕಳೆಯಲು ಹಕ್ಕಿಯನ್ನು ಕೊಂದ ಕಾಳನ್ನೇ ಬೀಸುತ್ತಿದ್ದೇವೆಂದು ನನಗೆ ಹೊಳೆಯಲಿಲ್ಲ. ಹೊಳೆಯಲಿಲ್ಲ ಎಂದರೆ ಅರ್ಧ ಸುಳ್ಳು. ಹೊಳೆಯದ ಹಾಗೆ ನೋಡಿಕೊಂಡೆ.

ಅಕ್ಕ ಎರಡು ದಿನದಿಂದ ಯಾರೊಂದಿಗೂ ಮಾತಾಡಿರಲಿಲ್ಲ. ಮಾಳಿಗೆ ಹತ್ತಿ ಇಳಿದು, ಹಿತ್ತಿಲು ಸುತ್ತಿ, ಹಕ್ಕಿಗಳನ್ನು ಹೂಳದೆ ಒಂದು ಮೊರದಲ್ಲಿ ಸಾಲಾಗಿ ಇಟ್ಟಿದ್ದಳು. ಊಟದ ಹಿಂದಿನ ದಿನ ಮುಂಜಾನೆ ನಾನು ಕೊಟ್ಟಿಗೆಯ ಹಿಂದೆ ಕದ್ದು ಅರಿವೆ ಹಿಂಡುತ್ತಿದ್ದೆ. ನನಗೆ ಮುಟ್ಟಾಗಿತ್ತು. ತಲೆಯೆತ್ತಿದರೆ ಅಕ್ಕ ನಿಂತಿದ್ದಳು.

"ಕೂಸಿಲ್ಲ, ಹೌದಿಲ್ಲ?" ಎಂದಳು.

ನಾನು ತಲೆ ತಗ್ಗಿಸಿದೆ.

"ನಿನಗ ವಾಂತಿ ಆದದ್ದು ಜೋಳ ತೊಳದ ದಿನ. ಹಕ್ಕಿ ಸತ್ತದ್ದು ಜೋಳ ತಿಂದ ದಿನ." ಮೊರದಲ್ಲಿದ್ದ ಒಂದು ಬೆಳವನ ಗಂಟಲ ಚೀಲ ಸೀಳಿ ತೋರಿಸಿದಳು. ಒಳಗೆ ನಾನು ತೊಳೆದ ಜೋಳ. ಪ್ರತಿ ಕಾಳಿನ ತುದಿಯ ಸಂದಿನಲ್ಲಿ ಸಾಸಿವೆಯಷ್ಟು ಕೆಂಪು ಉಳಿದಿತ್ತು. "ನಾ ಒಬ್ಬಾಕಿ ಹೇಳಿದ್ರ ರಂಡಿಮುಂಡಿ ಮಾತು ಅಂತಾರ. ತೊಳದಾಕಿ ನೀ, ಬೀಸಿದಾಕಿ ನೀ. ನೀನೂ ಹೇಳು ತಂಗಿ. ನಾಳಿಗಿ ಕೇರಿ ಹುಡುಗ್ರು ಉಣ್ತಾವ."

"ಹ್ಞೂಂರಿ ಅಕ್ಕಾ" ಎಂದೆ. ಎಂದದ್ದು ನಿಜ.

ಮಧ್ಯಾಹ್ನ ಪಡಸಾಲೆಯಲ್ಲಿ ಮಾವ, ಅಯ್ಯನವರು, ಊರಿನ ನಾಲ್ಕು ಹಿರಿಯರು ನಾಳೆಯ ಊಟದ ಮಾತಾಡುತ್ತ ಕೂತಿದ್ದರು. ಅಕ್ಕ ಮೊರ ಹಿಡಿದುಕೊಂಡು ಅಡುಗೆಮನೆಯ ಹೊಸ್ತಿಲು ದಾಟಿ, ಗಂಡಸರ ನಡುವೆ ಹೋಗಿ ನಿಂತಳು. ಹಾಗೆ ಆಕೆ ಪಡಸಾಲೆಗೆ ಬಂದದ್ದನ್ನು ಯಾರೂ ಕಂಡಿರಲಿಲ್ಲ.

"ತಮ್ಮಾ, ಆ ಹಿಟ್ಟ ಉಣಬ್ಯಾಡ್ರಿ. ಹಕ್ಕಿ ಹೊಟ್ಟ್ಯಾಗ ಅದೇ ಜೋಳ ಅದ. ಎಣ್ಣಿ ಹೋಗಿಲ್ಲ, ನೋಡು."

"ಅಕ್ಕಾ, ಇದೇನ್ ಹಚ್ಚೀದಿ? ಮಂದಿ ಕುಂತಾರ. ಒಳಗ ನಡಿ" ಎಂದರು ಮಾವ.

"ತೊಳದಾಕಿನ್ನೇ ಕೇಳ್ರಿ. ತೊಳದ ದಿನಾನೇ ಆಕಿಗಿ ವಾಂತಿ ಆಗ್ಯಾದ."

ಎಲ್ಲರೂ ಬಾಗಿಲಲ್ಲಿ ನಿಂತ ನನ್ನ ಕಡೆ ತಿರುಗಿದರು. ಅತ್ತೆ ನನ್ನ ರಟ್ಟೆ ಹಿಡಿದರು. "ಹೇಳ ಬೇ. ವಾಂತಿ ಜೋಳದ್ದಾ, ಬಸರಿಂದಾ?"

ಜೋಳದ್ದು ಎಂದರೆ ಬಸಿರಿಲ್ಲ. ಬಸಿರಿಲ್ಲ ಎಂದರೆ ಜೇವರ್ಗಿ ಇಲ್ಲ. ಅಷ್ಟೇ ನನ್ನ ತಲೆಯಲ್ಲಿ ಓಡಿದ್ದು. ಕೇರಿಯ ಮಕ್ಕಳು ನೆನಪಾಗಲಿಲ್ಲ.

"ಬಸರಿಂದ್ರಿ" ಎಂದೆ.

ಅಕ್ಕ ನನ್ನನ್ನು ನೋಡಿದಳು. ಅರಿವೆಯ ಮಾತು ಆಕೆ ಒಂದು ಸಲ ಎತ್ತಿದ್ದರೆ ಸಾಕಿತ್ತು, ನಾನು ಅಲ್ಲೇ ಮುಗಿಯುತ್ತಿದ್ದೆ. ಆಕೆ ಎತ್ತಲಿಲ್ಲ. ತಿರುಗಿ ಅಡುಗೆಮನೆಗೆ ನಡೆದಳು. ಯಾರಾದರೂ ತಡೆಯುವ ಮೊದಲೇ ಮೊರವನ್ನು ಕೊಪ್ಪರಿಗೆಯ ಮೇಲೆ ಬೋರಲು ಹಾಕಿದಳು. ಎರಡು ದಿನ ಹಳತಾದ ಹನ್ನೊಂದು ಹಕ್ಕಿಗಳು ಮಡಿ ಹಿಟ್ಟಿನೊಳಗೆ ಬಿದ್ದವು. ಸಾಲದೆಂದು ಕೈ ಹಾಕಿ ಕಲೆಸಿಯೂ ಬಿಟ್ಟಳು.

"ಈಗ ಉಣ್ರಿ, ನೋಡೋಣು" ಎಂದಳು.

ಅಯ್ಯಯ್ಯೋ, ಆಮೇಲಿನ ಗದ್ದಲ ಏನು ಹೇಳಲಿ! ಅಯ್ಯನವರು ಎದ್ದು ಹೊರಗೆ ನಡೆದರು. ಅತ್ತೆ ಎದೆ ಬಡಿದುಕೊಂಡರು. ಮಾವ ಅಕ್ಕನ ಮೈಮುಟ್ಟಲಿಲ್ಲ, ಆದರೆ ಅವರ ಬಾಯಿಂದ ಬಂದ ಮಾತುಗಳನ್ನು ನಾನು ಬರೆಯಲಾರೆ. ಹಿಟ್ಟನ್ನು ಹೊಲಕ್ಕೆ ಒಯ್ದು ಹೂಳಿದರು. ಎರಡು ದಿನ ತಡವಾಗಿ ಬೇರೆ ಜೋಳದಿಂದ ಊಟವಾಯಿತು. ಎಲ್ಲರೂ ಉಂಡರು, ಎಲ್ಲರೂ ಬದುಕಿದರು.

ನನ್ನ ಮುಟ್ಟನ್ನು ಎಷ್ಟು ದಿನ ಮುಚ್ಚಿಡಲಿ? ಊಟದ ದಿನ ಸಂಜೆ, ಆಗತಾನೇ ಆಯಿತೆನ್ನುವ ಹಾಗೆ, ಅತ್ತೆಗೆ ಹೇಳಿದೆ. ಅವರು ಅತ್ತು, ಕೂಗಿ, ಮನೆಮಂದಿಗೆಲ್ಲ ಕೇಳುವ ಹಾಗೆ ಅಂದರು: "ಮಡಿ ಹಿಟ್ನ್ಯಾಗ ಹೆಣ ಹಾಕಿದ್ಳು, ನನ್ನ ಮಗನ ಕೂಸ ತಿಂದ್ಳು!" ಅದು ಊರೆಲ್ಲ ಹಬ್ಬಿತು. ಕೂಸು ಇರಲೇ ಇಲ್ಲ ಎಂದು ಹೇಳಬೇಕಾದವರು ಇಬ್ಬರೇ. ನಾನು ಹೇಳಲಿಲ್ಲ, ಅಕ್ಕನೂ ಹೇಳಲಿಲ್ಲ. ಮೈ ಸುಧಾರಿಸಲಿ ಎಂದು ನನ್ನನ್ನು ಜೇವರ್ಗಿಗೆ ಕಳಿಸಿದರು, ಹದಿನೈದು ದಿನಕ್ಕೆ.

ಆ ಹದಿನೈದು ದಿನ ನಾನು ಉಂಡದ್ದು ಮೈಗೆ ಹತ್ತಲಿಲ್ಲ. ಅಪ್ಪ ಪೇಪರ್ ಮುಂದಿಟ್ಟರೆ ಅಕ್ಷರ ಕಾಣುತ್ತಿರಲಿಲ್ಲ.

ತಿರುಗಿ ಬಂದಾಗ ಕೊಟ್ಟಿಗೆಯಲ್ಲಿ ಒಂದು ಎಮ್ಮೆ ಕಡಿಮೆಯಾಗಿತ್ತು. ಬೀಸದೆ ಉಳಿದಿದ್ದ ತೊಳೆದ ಜೋಳವನ್ನು ಅತ್ತೆ ನೆನೆಸಿ ಅದಕ್ಕೆ ಹಾಕಿದ್ದರು. ಮುಂಜಾನೆ ತಿಂದದ್ದು ಮಧ್ಯಾಹ್ನದೊಳಗೆ ನಡುಗಿ, ನೊರೆ ಕಾರಿ ಬಿದ್ದಿತ್ತು. ಅಫಜಲಪುರದಿಂದ ಬಂದ ದನದ ದವಾಖಾನೆಯ ಕಂಪೌಂಡರ್ ಖಾಲಿ ಚೀಲ ನೋಡಿ, "ಇದು ತೊಳದ್ರ ಹೋಗೂದಲ್ರೀ ಯಪ್ಪಾ, ನಿಮ್ಮ ಪುಣ್ಯ, ಮನುಷ್ಯಾರು ಉಳದೀರಿ" ಎಂದಿದ್ದನಂತೆ. ಹಾಗಾದರೆ ಅಕ್ಕ ಹೇಳಿದ್ದು ಸರಿ ಎಂದು ಮನೆಯಲ್ಲಿ ಎಲ್ಲರಿಗೂ ತಿಳಿಯಿತು. ಜೋಳದ ಮಾತು ಸರಿಯಿದ್ದರೂ ಕೂಸಿನ ಅಪವಾದ ಹಾಗೇ ಇತ್ತಲ್ಲ.

ಅಕ್ಕನನ್ನು ಕೊಟ್ಟಿಗೆಯ ಪಕ್ಕದ ಕೋಣೆಗೆ ಹಾಕಿದ್ದರು. ಗಂಗಾಳ, ತಂಬಿಗೆ ಬೇರೆ. ಅಡುಗೆಮನೆಗೂ ದೇವರ ಕೋಣೆಗೂ ಬರುವಂತಿಲ್ಲ. ತಪ್ಪಾಯಿತೆಂದು ಅಯ್ಯನವರ ಪಾದ ಹಿಡಿದರೆ ಎಲ್ಲ ಮುಗಿಯುತ್ತಿತ್ತು. ಆಕೆ ಒಪ್ಪಲಿಲ್ಲ. "ತಪ್ಪಾತು ಅಂದ್ರ ಆ ಹಿಟ್ಟು ಛಲೋ ಇತ್ತು ಅಂದಂಗಾತಲ್ಲ? ಮುಂದಿನ ವರ್ಷ ಮತ್ತ ತೊಳೀತಾರ" ಎಂದಳು.

ನಾನು ಆ ಕೋಣೆಗೆ ಹೋಗಿ ಆಕೆಯ ಕಾಲು ಹಿಡಿದುಕೊಂಡೆ.

"ಏಳ ಏಳ. ಜೇವರ್ಗ್ಯಾಗ ಎಲ್ಲಾರೂ ಆರಾಮ ಅದಾರ?"

"ನಾ ಎಲ್ಲಾರ ಮುಂದ ಹೇಳ್ತೇನ್ರಿ ಅಕ್ಕಾ. ಈಗೇ ಹೇಳ್ತೇನಿ."

"ಹೇಳಿದ್ರ ನಿನ್ನೂ ತಂದು ಇಲ್ಲೇ ಹಾಕತಾರ. ನೋಡು, ಇಬ್ಬರಿಗಿ ಜಾಗ ಎಲ್ಲದ?" ಎಂದು ಕೋಣೆಯ ಸುತ್ತ ಕೈ ತಿರುಗಿಸಿದಳು. ಆಮೇಲೆ ಮೆಲ್ಲಗೆ ಅಂದಳು, "ನೀ ಇನ್ನಾ ಸಣ್ಣಾಕಿ ಅದೀ. ನಿನಗ ಹೊರಗ ಹೋಗೂದದ."

ಅದನ್ನು ನಾನು ಅಪ್ಪಣೆ ಎಂದುಕೊಂಡೆ. ಹೇಡಿಗಳಿಗೆ ಇಂಥ ಅಪ್ಪಣೆ ಬೇಗ ಕೇಳಿಸುತ್ತದೆ.

ವರ್ಷಗಳು ಹೋದವು. ನನಗೆ ಮಗಳು ಹುಟ್ಟಿದಳು, ಮಗ ಹುಟ್ಟಿದ. ಗಂಡ ಕಲಬುರ್ಗಿಯಲ್ಲಿ ವಕೀಲಿ ಸುರುಮಾಡಿದ, ನಾವು ಅಲ್ಲಿಗೆ ಹೋದೆವು. ನಾನು ಒಬ್ಬಳೇ ಬಜಾರಿಗೆ ಹೋದೆ, ಬಸ್ಸು ಹತ್ತಿದೆ, ಕೊನೆಗೆ ಟ್ರೇನಿಂಗೂ ಮುಗಿಸಿ ಸಣ್ಣ ಮಕ್ಕಳಿಗೆ ಪಾಠ ಹೇಳಿದೆ. ಪ್ರತಿ ಸಲ ಹಳ್ಳಿಗೆ ಹೋಗುವಾಗ ಈ ಸಲ ಹೇಳಿಬಿಡುತ್ತೇನೆ ಎಂದುಕೊಳ್ಳುತ್ತಿದ್ದೆ. ಹೋದರೆ ಅಕ್ಕ ನನ್ನ ಮಗಳನ್ನು ಹಿತ್ತಿಲಲ್ಲಿ ಕೂರಿಸಿಕೊಂಡು, ಬುಟ್ಟಿ ಬೋರಲು ಹಾಕಿ ಕಾಯುವುದನ್ನು ಕಲಿಸುತ್ತಿರುತ್ತಿದ್ದಳು. ಇಬ್ಬರೂ ನಗುತ್ತಿರುತ್ತಿದ್ದರು. ಆ ನಗು ನೋಡಿ ನನಗೆ ಇನ್ನೊಂದು ವರ್ಷಕ್ಕೆ ಸಮಾಧಾನ ಸಿಗುತ್ತಿತ್ತು. ಎಂಥ ಸಮಾಧಾನವೋ, ಸುಡುಗಾಡು!

ಎಂಬತ್ತರ ದಶಕ ಮುಗಿಯುತ್ತ ಬಂದಿತ್ತು. ಒಂದು ಚಳಿಗಾಲದ ಮುಂಜಾನೆ ಅಕ್ಕ ಹೋದಳೆಂದು ಸುದ್ದಿ ಬಂತು. ನಾವು ಮುಟ್ಟುವಷ್ಟರಲ್ಲಿ ಪಡಸಾಲೆಯಲ್ಲಿ ಗೋಡೆಗೆ ಒರಗಿಸಿ ಕೂರಿಸಿದ್ದರು. ಹೊರಗೆ ವಿಭೂತಿ ಗಟ್ಟಿಗಳು ಬಂದಿದ್ದವು, ಹೊಲದಲ್ಲಿ ಕುಣಿ ತೋಡಿಯಾಗಿತ್ತು. ಜಳಕದ ನೀರು ಕಾದಿತ್ತು. ಆದರೆ ಮೈ ತೊಳೆಯಲು ಹೆಂಗಸರು ಯಾರೂ ಮುಂದೆ ಬರುತ್ತಿರಲಿಲ್ಲ. ಒಬ್ಬರ ಮುಖ ಒಬ್ಬರು ನೋಡುತ್ತಿದ್ದರು. ಹೊಸದಾಗಿ ಮದುವೆಯಾಗಿ ಬಂದಿದ್ದ ಹುಡುಗಿಯೊಬ್ಬಳು ಎದ್ದರೆ ಅವಳ ಅತ್ತೆ ಸೆರಗು ಹಿಡಿದು ಕೂರಿಸಿದಳು.

"ನೀ ಬ್ಯಾಡ. ಬಸರಿ ಹೆಣಮಗಳ ಕೂಸ ತಿಂದಾಕಿ ಅಕಿ" ಎಂದಳು ಮೆಲ್ಲಗೆ.

ನನಗೆ ಕೇಳಿಸಿತು. ನಾನು ಎದ್ದು ನಿಂತೆ. ದನಿ ಜೋರಾಗಿಯೇ ಬಂತು.

"ಕೂಸು ಇರಲೇ ಇಲ್ಲ. ಆವತ್ತು ಮುಂಜಾನಿನೇ ನನಗ ಗೊತ್ತಿತ್ತು. ತವರಿಗಿ ಹೋಗಬೇಕಂತ ನಾ ಸುಳ್ಳ ಹೇಳಿದೆ. ಅಕ್ಕಗೂ ಅದು ಗೊತ್ತಿತ್ತು, ನನ್ನ ಸಲುವಾಗಿ ಬಾಯಿ ಬಿಡಲಿಲ್ಲ. ನಿಮ್ಮ ಮಕ್ಕಳೆಲ್ಲ ಉಳದದ್ದು ಅಕಿನಿಂದ."

ಮಾವ ನೆಲ ನೋಡುತ್ತ ಕೂತಿದ್ದರು. ಅತ್ತೆಗೆ ಆಗ ವಯಸ್ಸಾಗಿತ್ತು, ಕಣ್ಣು ಮಂಜಾಗಿತ್ತು. ನನ್ನ ಮೇಲೆ ಹಾರಿಬೀಳುತ್ತಾರೆ, ಬೈಯುತ್ತಾರೆ ಎಂದು ಕಾದೆ. ಬೈದಿದ್ದರೆ ಎಷ್ಟೋ ಒಳ್ಳೆಯದಿತ್ತು. ಅವರು ಸೆರಗಿನಿಂದ ಬಾಯಿ ಒರೆಸಿಕೊಂಡರು.

"ಕೂಸಿಲ್ಲಂತ ನನಗ ಆವಾಗೇ ಗೊತ್ತಿತ್ತ ಬೇ" ಎಂದರು. "ನಿಮ್ಮ ಮಾವಗೂ ಹೇಳಿದ್ದೆ. ಈಗ್ಯಾಕ ತಗೀತಿ ಅದನ್ನ? ನೀರು ಆರಾಕತ್ತದ, ಜಳಕ ಮಾಡಸ್ರಿ."

ನಾನು ತಂಬಿಗೆ ತೆಗೆದುಕೊಂಡೆ. ಆಗಲೂ ಯಾರೂ ಏಳಲಿಲ್ಲ. ಅಕ್ಕನಿಗೆ ನಾನೊಬ್ಬಳೇ ಜಳಕ ಮಾಡಿಸಿದೆ.